ಇಲ್ಲದ ಅಜ್ಜಿಯ ಆರೋಗ್ಯ

ಸೀನು ಬರುವ ಮುಂಚೆ ಮೂಗಿನೊಳಗೆ ಒಂದು ಕಚಗುಳಿ ಆಗುತ್ತದಲ್ಲ, ಅಲ್ಲಿಂದ ಸೀನು ಹೊರಗೆ ಬೀಳುವವರೆಗೆ ಸಿಗುವ ಸಮಯ ಬಹಳ ಕಡಿಮೆ ಅಂತ ನಿಮಗೆ ಅನ್ನಿಸಿರಬಹುದು. ನನಗೆ ಅದು ಧಾರಾಳ. ಅಷ್ಟರಲ್ಲಿ ನಾನು ಕೈಯಲ್ಲಿರುವ ಸೀಮೆಸುಣ್ಣ ಕೆಳಗಿಟ್ಟು, ಕಾಲಿಗೆ ಕಾಲು ಹೆಣೆದು, ಮೇಜಿನ ಅಂಚು ಹಿಡಿದು, ಬಿಗಿಯಬೇಕಾದ ಜಾಗವನ್ನೆಲ್ಲ ಬಿಗಿದು, ಮುಖದ ಮೇಲೆ ಮಾತ್ರ ಏನೂ ನಡೆಯುತ್ತಿಲ್ಲ ಎಂಬ ಭಾವ ತಂದುಕೊಂಡು ತಯಾರಾಗಿ ನಿಂತಿರುತ್ತೇನೆ. ಆಮೇಲೆ ಸೀನು ಬರುತ್ತದೆ. ಕೆಲವು ಸಲ ನಾನು ಗೆಲ್ಲುತ್ತೇನೆ. ಕೆಲವು ಸಲ ಸೀನಿನ ಜೊತೆ ಇನ್ನೊಂದಿಷ್ಟು ಬರುತ್ತದೆ.

ಹಾಸನದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ನಾನು. ಐವತ್ತು ದಾಟಿದೆ. ಎರಡು ಹೆರಿಗೆ ಆಗಿದೆ, ಮುಟ್ಟು ನಿಂತಿದೆ, ಸೀಮೆಸುಣ್ಣದ ಪುಡಿಗೂ ನನ್ನ ಮೂಗಿಗೂ ಹಳೇ ದ್ವೇಷ ಇದೆ. ಈ ಮೂರೂ ಸೇರಿದರೆ ಏನಾಗುತ್ತದೆ ಅಂತ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೂತ್ರಕೋಶ, ಗರ್ಭಕೋಶ ಎಲ್ಲವನ್ನೂ ಕೆಳಗಿನಿಂದ ಎತ್ತಿ ಹಿಡಿದಿರುವ ಸ್ನಾಯುಗಳ ಒಂದು ಪದರ ಇರುತ್ತದೆ. ಹೆರಿಗೆಯಲ್ಲಿ ಅದು ಹಿಗ್ಗಿ ಸಡಿಲವಾಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗಿ ಆ ಭಾಗವೆಲ್ಲ ಇನ್ನಷ್ಟು ತೆಳುವಾಗುತ್ತದೆ. ಆಗ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ನೀರು ತುಂಬಿದ ಬಿಂದಿಗೆ ಎತ್ತಿದರೆ, ಹೊಟ್ಟೆಯೊಳಗಿನ ಒತ್ತಡ ಸೀದಾ ಮೂತ್ರಕೋಶದ ಮೇಲೆ ಬಿದ್ದು ಒಂದಿಷ್ಟು ಸೋರುತ್ತದೆ. ಇದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಸೀನೂ ಬೇಡ ಕೆಮ್ಮೂ ಬೇಡ, ಸುಮ್ನೆ ಕೂತಿದ್ದಾಗಲೇ ಮೂತ್ರಕೋಶ ತಾನಾಗಿ ಹಿಂಡಿಕೊಂಡು ‘ಈಗಲೇ, ಇಲ್ಲೇ’ ಅನ್ನುತ್ತದೆ. "ನಿಮಗೆ ಎರಡೂ ಇದೆ" ಅಂದರು ಡಾಕ್ಟರಮ್ಮ, ರಿಸಲ್ಟ್ ಓದುವ ಧ್ವನಿಯಲ್ಲಿ. ಸೋಂಕು ಇದೆಯಾ ಅಂತ ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ ಎರಡೂ ಮಾಡಿಸಿದರು. ಎರಡೂ ಇರಲಿಲ್ಲ. ಉರಿಯೋ, ರಕ್ತವೋ ಕಂಡರೆ ಮಾತ್ರ ಒಂದು ದಿನವೂ ಕಾಯದೆ ಬನ್ನಿ, ಉಳಿದದ್ದನ್ನು ನಿಧಾನವಾಗಿ ಸರಿಮಾಡೋಣ ಅಂದರು.

ನಮ್ಮ ಸ್ಟಾಫ್ ರೂಮಿನಲ್ಲಿ ರಿಟೈರ್‌ಮೆಂಟಿಗೆ ಹತ್ತಿರವಿರುವ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ಪ್ರಾಸ್ಟೇಟ್ ಊದಿಕೊಂಡಿದೆ. ಅದನ್ನು ಅವರು ಪ್ರಮೋಷನ್ ಸಿಕ್ಕಿದವರ ಗತ್ತಿನಲ್ಲಿ ಹೇಳಿಕೊಳ್ಳುತ್ತಾರೆ, ಸ್ಕ್ಯಾನಿಂಗ್ ರಿಪೋರ್ಟ್ ಮೇಜಿನ ಮೇಲೆ ಹರಡುತ್ತಾರೆ, ರಾತ್ರಿ ಎಷ್ಟು ಸಲ ಎದ್ದೆ ಅಂತ ಬೆಳಿಗ್ಗೆ ಲೆಕ್ಕ ಒಪ್ಪಿಸುತ್ತಾರೆ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಅದೇ ಸ್ಟಾಫ್ ರೂಮಿನಲ್ಲಿ ಹೆಂಗಸರು ‘ಸ್ವಲ್ಪ ಬಂದೆ’ ಅಂತ ಎದ್ದು ಹೋಗುತ್ತೇವೆ. ಎಲ್ಲಿಗೆ ಅಂತ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಡಾಕ್ಟರಮ್ಮ ಕೊಟ್ಟ ಮೊದಲ ಹೋಂವರ್ಕ್ ಡೈರಿ. ಮೂರು ದಿನ, ಏನು ಕುಡಿದೆ, ಎಷ್ಟು ಕುಡಿದೆ, ಯಾವಾಗ ಹೋದೆ, ಎಷ್ಟು ಹೋಯಿತು, ಯಾವಾಗ ಸೋರಿತು, ಎಲ್ಲ ಬರೆಯಬೇಕು. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ 300ರಿಂದ 500 ಮಿ.ಲೀ. ಹಿಡಿಯುತ್ತದೆ, ದಿನಕ್ಕೆ ಏಳೆಂಟು ಸಲ ಹೋಗುವುದು ಮಾಮೂಲು, ನಿಮ್ಮದು ಹೇಗಿದೆ ಅಂತ ನೋಡೋಣ ಅಂದಿದ್ದರು. ಗೆರೆ ಇರುವ ಪ್ಲಾಸ್ಟಿಕ್ ಜಗ್ಗೊಂದನ್ನು ತಂದು ಬಚ್ಚಲಿನ ಕಿಟಕಿಯ ಮೇಲೆ ಯಾರ ಕೈಗೂ ಸಿಗದ ಹಾಗೆ ಇಟ್ಟೆ. ಪುಸ್ತಕ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಪಕ್ಕ. ಒಂದು ಬೆಳಿಗ್ಗೆ ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಅದನ್ನು ಓದುತ್ತಾ ನಿಂತಿದ್ದರು.

"ಇದೇನೇ ಇದು, ಹಾಲಿನವನು ಆರು ಗಂಟೆಗೆ 350, ಎಂಟಕ್ಕೆ 150, ಒಂಬತ್ತಕ್ಕೆ 100 ಕೊಟ್ಟಿದ್ದಾನೆ? ಒಂದೇ ಸಲ ಕೊಟ್ಟು ಹೋಗೋಕೆ ಏನು ರೋಗ ಅವನಿಗೆ?"

"ರೋಗ ಅವನಿಗಲ್ಲ" ಅಂದೆ.

ಅವರು ನನ್ನ ಮುಖ ನೋಡಿದರು, ಪುಸ್ತಕ ನೋಡಿದರು, ಎಲ್ಲಿಂದ ತೆಗೆದಿದ್ದರೋ ಅಲ್ಲೇ ಇಟ್ಟರು. ಮತ್ತೇನೂ ಕೇಳಲಿಲ್ಲ. ಅವತ್ತು ಕಾಫಿಗೆ ಹಾಲು ಮಾತ್ರ ಬೇಡ ಅಂದರು.

ಈಗ ಮೆಡಿಕಲ್ ಶಾಪಿನ ಕಥೆಗೆ ಬರುತ್ತೇನೆ. ಪ್ಯಾಡ್ ಕೇಳಿದರೆ ಅಂಗಡಿಯವರು ಮೊದಲು ನ್ಯೂಸ್‌ಪೇಪರಿನಲ್ಲಿ ಸುತ್ತುತ್ತಾರೆ, ಆಮೇಲೆ ಕಪ್ಪು ಕವರಿಗೆ ಹಾಕುತ್ತಾರೆ. ಅಂಗಡಿಯ ಬೇರೆ ಯಾವ ಸಾಮಾನಿಗೂ ಈ ಮರ್ಯಾದೆ ಇಲ್ಲ. ಹಾಗಾಗಿ ಕಪ್ಪು ಕವರ್ ಹಿಡಿದು ಹೋಗುವವಳ ಕೈಯಲ್ಲಿ ಏನಿದೆ ಅಂತ ಇಡೀ ಬೀದಿಗೆ ಗೊತ್ತು. ಮಾಮೂಲಿ ಕವರಿಗೆ ಹಾಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತಲೆ ನರೆತವಳ ಕೈಯಲ್ಲಿ ಆ ಕವರ್ ಕಂಡರಂತೂ ಜನಕ್ಕೆ ಲೆಕ್ಕ ತಪ್ಪಿ, ಇನ್ನೊಂದು ಸಲ ನೋಡುತ್ತಾರೆ.

ನಾನು ಹೋದದ್ದು ಮನೆಯಿಂದ ಸುಮಾರು ದೂರದ, ನನ್ನ ಹಳೇ ವಿದ್ಯಾರ್ಥಿಗಳು ಯಾರೂ ಕೆಲಸಕ್ಕಿಲ್ಲದ ಅಂಗಡಿಗೆ. ಕೌಂಟರಿನಲ್ಲಿ ಒಬ್ಬ ಚುರುಕು ಹುಡುಗ. "ದೊಡ್ಡವರ ಡೈಪರ್ ಇದೆಯಾ?" ಅಂತ ಪಿಸುಗುಟ್ಟಿದೆ. ಅವನು ಒಳಗಿದ್ದ ಇನ್ನೊಬ್ಬನಿಗೆ, ಪಕ್ಕದ ಬೇಕರಿಗೂ ಕೇಳುವ ಹಾಗೆ, "ಅಡಲ್ಟ್ ಡೈಪರ್ ಯಾವ ಸೈಜ್ ಐತೆ ನೋಡೋ" ಅಂತ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ಪೇಷಂಟಿನ ಸೊಂಟ ಎಷ್ಟಿರಬಹುದು ಮೇಡಂ?"

"ಹೆಚ್ಚುಕಡಿಮೆ ನನ್ನಷ್ಟೇ."

"ಯಾರಿಗೆ, ಅಜ್ಜಿಗಾ?"

ಹೂಂ ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಅಜ್ಜಿ ಹುಟ್ಟಿದ್ದು ಹಾಗೆ.

"ಹಾಸಿಗೆ ಹಿಡಿದಿದ್ದಾರಾ, ಓಡಾಡ್ತಾರಾ? ಮಲಗಿದೋರಿಗೆ ಟೇಪ್ ಇರೋದು, ಓಡಾಡೋರಿಗೆ ಪ್ಯಾಂಟ್ ಥರದ್ದು."

"ಓಡಾಡ್ತಾರೆ."

"ಮೆಟ್ಟಿಲು ಹತ್ತುತ್ತಾರಾ?"

"ದಿನಾ ಎರಡನೇ ಮಹಡಿಗೆ ಹತ್ತಿ ಇಳೀತಾರೆ" ಅಂದೆ. ಹತ್ತನೇ ಕ್ಲಾಸು ಬಿ ಸೆಕ್ಷನ್ ಇರುವುದು ಎರಡನೇ ಮಹಡಿಯಲ್ಲಿ.

"ಭಾರಿ ಗಟ್ಟಿ ಅಜ್ಜಿ! ಯಾವಾಗ್ಲೂ ಹೋಗುತ್ತಾ, ಆಗಾಗನಾ?"

"ಸೀನಿದಾಗ, ಕೆಮ್ಮಿದಾಗ, ಅಷ್ಟೇ."

"ಅಯ್ಯೋ, ಅದಕ್ಕೆ ಡೈಪರ್ ಯಾಕೆ ಮೇಡಂ? ಯೂರಿನ್ ಪ್ಯಾಡ್ ಬರುತ್ತೆ, ತೆಳ್ಳಗಿರೋದು, ಅದು ಸಾಕು. ಪ್ರಯಾಣಕ್ಕೆ ಬೇಕಾದ್ರೆ ಪ್ಯಾಂಟ್ ಥರದ್ದು ಹಾಕಿ ಅಜ್ಜಿಗೆ."

ಹುಡುಗ ಬುದ್ಧಿವಂತ, ಅವನ ಸಲಹೆ ನೂರಕ್ಕೆ ನೂರು ಸರಿ ಇತ್ತು. ಬಹಳ ಜನ ಹೆಂಗಸರು ಮುಟ್ಟಿನ ಪ್ಯಾಡನ್ನೇ ಇದಕ್ಕೂ ಹಾಕಿಕೊಂಡು ಒದ್ದಾಡುತ್ತಾರೆ. ಅದು ನಿಧಾನವಾಗಿ ಬರುವ, ಮಂದವಾದದ್ದಕ್ಕೆ ಮಾಡಿದ್ದು. ಇದು ನೀರಿನಷ್ಟು ತೆಳು, ಬಂದರೆ ಒಮ್ಮೆಗೇ ನುಗ್ಗುತ್ತದೆ, ಮುಟ್ಟಿನ ಪ್ಯಾಡು ಹೀರಿಕೊಳ್ಳುವಷ್ಟರಲ್ಲಿ ಪಕ್ಕದಿಂದ ಹರಿದು ಹೋಗಿರುತ್ತದೆ. ಮೂತ್ರದ ಪ್ಯಾಡಿನೊಳಗೆ ನೀರು ತಾಗಿದ ತಕ್ಷಣ ಅದನ್ನು ಜೆಲ್ಲಿಯ ಥರ ಗಟ್ಟಿ ಮಾಡಿ ಹಿಡಿದುಕೊಳ್ಳುವ ಪುಡಿ ಇರುತ್ತದೆ. ವಾಸನೆಯೂ ಕಡಿಮೆ. ಹಾಗಂತ ಬೆಳಿಗ್ಗೆ ಹಾಕಿದ್ದನ್ನು ಸಂಜೆಯವರೆಗೆ ಇಟ್ಟುಕೊಂಡರೆ ಚರ್ಮ ಕೆಂಪಾಗಿ ತುರಿಕೆ ಶುರುವಾಗುತ್ತದೆ, ಒದ್ದೆ ಆದಮೇಲೆ ಬದಲಾಯಿಸಲೇಬೇಕು.

ಅಜ್ಜಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಹೋದಾಗಲೆಲ್ಲ ಅವನು ವಿಚಾರಿಸುತ್ತಾನೆ. ಅಜ್ಜಿಗೆ ಕೆಮ್ಮು ಹೇಗಿದೆ, ಮಲಬದ್ಧತೆ ಇದ್ದರೆ ಇದು ಜಾಸ್ತಿ ಆಗುತ್ತೆ, ಸೊಪ್ಪು ತರಕಾರಿ ಕೊಡಿ, ಹೀಗೆ. ಒಂದು ಸಲ ಅಜ್ಜಿಯನ್ನು ತೀರಿಸಿಬಿಡೋಣ ಅನ್ನಿಸಿತು. ಆದರೆ ಅಜ್ಜಿ ಹೋದಮೇಲೂ ಪ್ಯಾಡ್ ಕೊಳ್ಳಲು ಬರುವವಳನ್ನು ಏನಂತ ತಿಳಿದುಕೊಳ್ಳುತ್ತಾನೆ? ಹಾಗಾಗಿ ಬದುಕಿದ್ದಾರೆ. ವಯಸ್ಸು ತೊಂಬತ್ತರ ಮೇಲೆ. ಹಾಸನಾಂಬೆ ದರ್ಶನದ ಕ್ಯೂನಲ್ಲಿ ನಿಂತು ಬಂದರು ಅಂದಾಗ ಅವನು ನಿಂತಲ್ಲೇ ಕೈ ಮುಗಿದ.

ಆನ್‌ಲೈನಿನಲ್ಲಿ ತರಿಸಬಹುದಲ್ಲ ಅಂತೀರಾ? ತರಿಸಿದೆ. ನಾನು ಸ್ಕೂಲಿನಲ್ಲಿದ್ದಾಗ ಡೆಲಿವರಿ ಹುಡುಗ ಎದುರುಮನೆಗೆ ಕೊಟ್ಟು ಹೋದ. ಎದುರುಮನೆಯವರು ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಭಾರ ಇಲ್ಲ, ಬಟ್ಟೆನೂ ಅಲ್ಲ, ಏನ್ರೀ ಇದು?" ಅಂತ ಕೇಳಿದರು. ಥರ್ಮೋಕೋಲ್ ಅಂದೆ. ಪ್ರಾಜೆಕ್ಟಿಗೆ. ಮಾರನೇ ದಿನ ಅವರ ಮೊಮ್ಮಗನಿಗೂ ಒಂದು ಪೀಸ್ ಥರ್ಮೋಕೋಲ್ ಬೇಕಾಯಿತು.

ಇದನ್ನೆಲ್ಲ ಯಾಕೆ ಮುಚ್ಚಿಡಬೇಕು, ಎಲ್ಲರ ಹತ್ತಿರ ಧೈರ್ಯವಾಗಿ ಹೇಳಿಕೊಳ್ಳಿ ಅಂತ ಬುದ್ಧಿ ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಡಾಕ್ಟರಿಗೆ ಹೇಳಲೇಬೇಕು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ವರ್ಷಗಟ್ಟಲೆ ಒದ್ದೆಯಲ್ಲೇ ಕೂರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆದರೆ ಎದುರುಮನೆಗೆ ಯಾಕೆ ಹೇಳಬೇಕು? ನನ್ನ ಬಿಪಿ ಎಷ್ಟು ಅಂತ ಗೇಟಿಗೆ ಬೋರ್ಡ್ ಹಾಕಿದ್ದೀನಾ?

ಬಟ್ಟೆಯ ವಿಚಾರ ಬೇಗ ಮುಗಿಸುತ್ತೇನೆ. ತಿಳಿ ಬಣ್ಣದ ಸಾದಾ ಸೀರೆಗಳು ಬೀರುವಿನ ಮೇಲಿನ ಅರೆಗೆ ಹೋದವು. ಕಡು ಬಣ್ಣ, ಹೂಬಳ್ಳಿ ಪ್ರಿಂಟು, ನೆರಿಗೆ ದಪ್ಪಗೆ ನಿಲ್ಲುವ ಕಾಟನ್ನು ಕೆಳಗೆ ಬಂದವು. ಬ್ಯಾಗಿನಲ್ಲಿ ಒಂದು ಜಿಪ್ ಪೌಚು, ಅದರಲ್ಲಿ ಎರಡು ಪ್ಯಾಡು, ಒಂದು ಒಳಬಟ್ಟೆ, ಹಳೇ ಪೇಪರು. ಪೌಚಿನ ಮೇಲೆ ‘ಉತ್ತರ ಪತ್ರಿಕೆ’ ಅಂತ ಬರೆದಿದ್ದೇನೆ, ಅದನ್ನು ಯಾವ ವಿದ್ಯಾರ್ಥಿಯೂ ಯಾವ ಮೇಷ್ಟ್ರೂ ಆಸೆಪಟ್ಟು ತೆರೆಯುವುದಿಲ್ಲ. ಪ್ಯಾಂಟ್ ಥರದ್ದು ಹಾಕಿಕೊಂಡ ದಿನ ಮಾತ್ರ ಕೂತು ಏಳುವಾಗ ಚರಚರ ಅನ್ನುತ್ತದೆ, ಪರೀಕ್ಷಾ ಹಾಲಿನ ಮೌನದಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ನಾನು ಸೂಪರ್‌ವಿಜನ್ ಇದ್ದ ದಿನ ಕೂರುವುದೇ ಇಲ್ಲ. ನನ್ನಷ್ಟು ಕಟ್ಟುನಿಟ್ಟಿನ ಸೂಪರ್‌ವೈಸರ್ ಇಲ್ಲ ಅಂತ ಹೆಸರು ಬಂದಿದೆ. ಬಳಸಿದ್ದನ್ನು ಫ್ಲಶ್ ಮಾಡಬಾರದು, ಪೈಪು ಕಟ್ಟಿಕೊಳ್ಳುತ್ತದೆ, ಪೇಪರಿನಲ್ಲಿ ಸುತ್ತಿ ಗುರುತು ಹಾಕಿ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು. ಆ ಗಾಡಿ ನಮ್ಮ ಬೀದಿಗೆ ಬರುವುದು ಮೈಕಿನಲ್ಲಿ ಹಾಡು ಹಾಕಿಕೊಂಡು, ಎಲ್ಲರೂ ಬಾಗಿಲಿಗೆ ಬಂದು ನಿಂತಿರುವಾಗ. ಗುಟ್ಟು ಅನ್ನುವುದು ಎಷ್ಟು ಜನರ ಕೈ ದಾಟಬೇಕು ನೋಡಿ.

ಸ್ಕೂಲಿನಲ್ಲಿ ನನ್ನ ರಾಜ್ಯಭಾರವೇ ಬದಲಾಗಿದೆ. ಮಕ್ಕಳು ಕಿರುಬೆರಳು ಎತ್ತಿದ ತಕ್ಷಣ ಪರ್ಮಿಷನ್, ‘ಬೆಲ್ ಹೊಡೆದ ಮೇಲೆ ಹೋಗು’ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಇದು ಹುಡುಗರಿಗೆ ಗೊತ್ತಾಗಿ, ಹಳೆಗನ್ನಡ ಪದ್ಯ ಶುರುವಾದ ಕೂಡಲೇ ಅರ್ಧ ಕ್ಲಾಸಿಗೆ ಕಿರುಬೆರಳು ಏಳುತ್ತದೆ. ಸುಳ್ಳು ಯಾರದು ನಿಜ ಯಾರದು ಅಂತ ನಾನು ಅವರ ಮೊಣಕಾಲು ನೋಡಿ ಹೇಳಬಲ್ಲೆ. ನಿಜದವರು ಎರಡೂ ಮೊಣಕಾಲು ಕೂಡಿಸಿ ನಿಂತಿರುತ್ತಾರೆ, ಮಾತು ಕಡಿಮೆ ಇರುತ್ತದೆ. ಸುಳ್ಳಿನವರು ಕಾರಣ ವಿವರಿಸುತ್ತಾರೆ.

ನಮ್ಮಲ್ಲಿ ಕೆಲವು ಮೇಡಂಗಳು ಬೆಳಿಗ್ಗೆಯಿಂದ ಸಂಜೆ ಮನೆ ಸೇರುವವರೆಗೆ ನೀರೇ ಕುಡಿಯುವುದಿಲ್ಲ. ಕುಡಿದರೆ ತಾನೇ ಹೋಗಬೇಕು ಅನ್ನುವ ಲೆಕ್ಕ. ಆ ಲೆಕ್ಕ ತಲೆಕೆಳಗು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆಣಕುತ್ತದೆ, ಅರ್ಜೆಂಟು ಜಾಸ್ತಿಯಾಗುತ್ತದೆ, ಉರಿಮೂತ್ರ ಬರುತ್ತದೆ, ಮಲಬದ್ಧತೆ ಬೇರೆ. ಡಾಕ್ಟರಮ್ಮ ನನಗೆ ಹೇಳಿದ್ದು ನೀರು ಬಿಡಬೇಡಿ, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಕುಡಿಯಿರಿ, ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿ ಅಂತ. ಬಿಡಬೇಕಾದದ್ದು ಬೇರೆ ಇದೆ ಅಂದರು.

ಕಾಫಿ.

ಹಾಸನ ಜಿಲ್ಲೆಯಲ್ಲಿ ಕೂತು ಒಬ್ಬ ಡಾಕ್ಟರು ಈ ಮಾತು ಹೇಳಬಹುದಾ? ಕಾಫಿಯಲ್ಲಿರುವ ಕೆಫೀನ್ ಮೂತ್ರಕೋಶವನ್ನು ಕೆರಳಿಸುತ್ತದೆ, ಮೂತ್ರವನ್ನೂ ಜಾಸ್ತಿ ಮಾಡುತ್ತದೆ, ಟೀ ಆದರೂ ಅದೇ ಕಥೆ ಅಂತ ಅವರು ವಿವರಿಸುವಾಗ ಅವರ ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ಕಾಫಿ ಆರುತ್ತಿತ್ತು. ನನ್ನ ತವರು ಸಕಲೇಶಪುರದ ಕಡೆ. ಅಲ್ಲಿ ಯಾರ ಮನೆಗಾದರೂ ಹೋಗಿ ಕಾಫಿ ಬೇಡ ಅಂದರೆ, ಇವಳಿಗೆ ನಮ್ಮ ಮೇಲೆ ಏನೋ ಕೋಪ ಅಂತ ಸಂಜೆಯೊಳಗೆ ಸುದ್ದಿ ಆಗುತ್ತದೆ. "ಅರ್ಧ ಲೋಟ ಕುಡಿಯೇ, ನಮ್ಮ ತೋಟದ್ದೇ" ಅಂತಾರೆ. ಅರ್ಧ ಲೋಟ ಅಂದರೆ ಅಲ್ಲಿ ಲೋಟದ ಕುತ್ತಿಗೆವರೆಗೆ. ನಾಲ್ಕು ಮನೆಗೆ ಮದುವೆ ಕರೆಯೋಲೆ ಕೊಡಲು ಹೋದರೆ ಐದನೇ ಮನೆಯಲ್ಲಿ ನಾನು ಕರೆಯೋಲೆ ಕೊಡುವ ಮುಂಚೆ ಬಚ್ಚಲು ಎಲ್ಲಿದೆ ಅಂತ ಕೇಳುತ್ತೇನೆ.

ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಚಿಕ್ಕಮಗಳೂರಿನ ಗಿರಿಗೆ ತಂದರು ಅನ್ನುವ ಕಥೆ ಈ ಕಡೆಯ ಮಕ್ಕಳಿಗೆಲ್ಲ ಗೊತ್ತು. ಅವರು ಅವತ್ತು ಸೊಂಟದಲ್ಲಿ ಗುಟ್ಟಾಗಿ ಕಟ್ಟಿಕೊಂಡು ತಂದದ್ದರಿಂದ ನಾನು ಇವತ್ತು ಸೊಂಟದಲ್ಲಿ ಗುಟ್ಟಾಗಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಬೇಜಾರಿಲ್ಲ. ಬೆಳಿಗ್ಗೆಯ ಒಂದು ಲೋಟ ಉಳಿಸಿಕೊಂಡು ಉಳಿದದ್ದಕ್ಕೆ ಮಜ್ಜಿಗೆ ಹಾಕಿದ್ದೇನೆ. ಆ ಒಂದು ಲೋಟವನ್ನು ಯಾವ ಡಾಕ್ಟರಿಗೂ ಬಿಟ್ಟುಕೊಡುವುದಿಲ್ಲ.

ಇನ್ನು ವ್ಯಾಯಾಮ. ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ತಜ್ಞರು 1948ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಮೂತ್ರ ತಡೆಯುವಾಗ, ಗಾಳಿ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೇವೋ ಅದನ್ನೇ ಬಿಗಿದು ಒಂದೈದು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹಾಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಬರಬರುತ್ತಾ ಹತ್ತು ಸೆಕೆಂಡಿನವರೆಗೆ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪಿರ್ರೆ ಬಿಗಿಯಬಾರದು. ಮೂತ್ರ ಮಾಡುತ್ತಾ ಮಾಡುತ್ತಾ ಅರ್ಧಕ್ಕೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಇದರ ದೊಡ್ಡ ಗುಣ ಅಂದರೆ ಎಲ್ಲಿ ಬೇಕಾದರೂ ಮಾಡಬಹುದು, ಯಾರಿಗೂ ಕಾಣುವುದಿಲ್ಲ ಅಂತ ಫಿಸಿಯೋಥೆರಪಿ ಹುಡುಗಿ ಹೇಳಿದ್ದಳು. ಯಾರಿಗೂ ಕಾಣದ್ದು ಕೆಳಗಿನದು. ಮುಖಕ್ಕೆ ಯಾರು ಹೇಳಬೇಕು? ನಾನು ಸ್ಟಾಫ್ ಮೀಟಿಂಗಿನಲ್ಲಿ ಬಿಗಿದಾಗಲೆಲ್ಲ ಹುಬ್ಬು ಮೇಲೇರುತ್ತದಂತೆ. ಎಚ್ಚೆಮ್ಮು ಮಾತು ನಿಲ್ಲಿಸಿ, "ಏನ್ ಮೇಡಂ, ನಿಮಗೆ ಒಪ್ಪಿಗೆ ಇಲ್ವಾ?" ಅಂದರು. ಸಂಜೆ ಸ್ಪೆಷಲ್ ಕ್ಲಾಸಿನ ಪ್ರಸ್ತಾಪ ನಡೆಯುತ್ತಿತ್ತು. ಉಸಿರು ಬಿಡದೆ ತಲೆ ಅಲ್ಲಾಡಿಸಿದೆ. ಕನ್ನಡಕ್ಕೆ ಸ್ಪೆಷಲ್ ಕ್ಲಾಸು ರದ್ದಾಯಿತು. ಕೆಗೆಲ್ ವ್ಯಾಯಾಮದಿಂದ ಇಂಥದ್ದೊಂದು ಲಾಭ ಇದೆ ಅಂತ ಅವರೂ ಬರೆದಿರಲಿಕ್ಕಿಲ್ಲ.

ನಿಜವಾದ ಪರೀಕ್ಷೆ ಶಿರಾಡಿ ಘಾಟಿ. ಪುತ್ತೂರಿನಲ್ಲಿ ನಮ್ಮ ನಾದಿನಿಯ ಮಗಳ ಮನೆ ಗೃಹಪ್ರವೇಶ, ಆಷಾಢಕ್ಕೆ ಮುಂಚೆ ಮುಗಿಸಬೇಕು ಅಂತ ಮಳೆ ಶುರುವಾದ ಮೇಲೆ ಇಟ್ಟುಕೊಂಡಿದ್ದರು. ಹಾಸನದಿಂದ ಬಸ್ಸು. ಹೊರಡುವ ಮುಂಚೆ ಮನೆಯಲ್ಲಿ ಒಂದು ಸಲ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಲ, ಸಕಲೇಶಪುರದಲ್ಲಿ ಬಸ್ಸು ನಿಂತಾಗ ಇನ್ನೊಂದು ಸಲ ಮುಗಿಸಿ, ಪ್ಯಾಂಟ್ ಥರದ್ದು ಧರಿಸಿ, ಗೆದ್ದೆ ಅಂತ ಕೂತಿದ್ದೆ. ದೋಣಿಗಾಲ್ ದಾಟಿದ ಮೇಲೆ ಮುಂದೆ ಎಲ್ಲೋ ಮಣ್ಣು ಜರಿದಿದೆ ಅಂತ ಸಾಲಾಗಿ ಲಾರಿಗಳು ನಿಂತವು. ನಮ್ಮ ಬಸ್ಸೂ ನಿಂತಿತು. ಎಂಜಿನ್ ಆಫಾಯಿತು.

ಆಗ ಕೇಳತೊಡಗಿತು ನೋಡಿ. ಬಸ್ಸಿನ ತಗಡಿನ ಮೇಲೆ ಮಳೆ. ಕಿಟಕಿಯ ಸಂದಿಯಿಂದ ತೊಟತೊಟ. ರಸ್ತೆಯ ಈ ಕಡೆ ಬಂಡೆಯಿಂದ ಇಳಿಯುವ ಸಣ್ಣ ಝರಿ, ಆ ಕಡೆ ಕೆಳಗೆ ಹೊಳೆ. ಪಶ್ಚಿಮ ಘಟ್ಟದಲ್ಲಿ ಅಷ್ಟೊಂದು ನೀರು ಯಾಕೆ ಹರಿಯಬೇಕು? ಪಕ್ಕದಲ್ಲಿ ನಾದಿನಿ ಬಾಟಲಿಯಿಂದ ಲೋಟಕ್ಕೆ ಗುಳುಗುಳು ಅಂತ ಬಗ್ಗಿಸುತ್ತಾ, "ಅತ್ತಿಗೆ, ನೀರು ಬೇಕಾ?" ಅಂದಳು. ನೀರಿನ ಸದ್ದು ಕೇಳಿದರೆ ಅವಸರ ಜಾಸ್ತಿಯಾಗುವುದು ನನ್ನೊಬ್ಬಳ ಹುಚ್ಚಲ್ಲ, ಇದು ಇರುವ ಎಷ್ಟೋ ಜನರಿಗೆ ಆಗುತ್ತದೆ. ಚಳಿಗೂ ಹಾಗೇ.

ಕಂಡಕ್ಟರು, "ಇನ್ನೂ ಹೊತ್ತಾಗುತ್ತೆ, ಹೋಗೋರು ಹೋಗಿ ಬನ್ನಿ" ಅಂದರು. ಗಂಡಸರೆಲ್ಲ ಇಳಿದರು, ಗುಡ್ಡಕ್ಕೆ ಮುಖ ಮಾಡಿ ಸಾಲಾಗಿ ನಿಂತರು, ಶಿಳ್ಳೆ ಹಾಕಿಕೊಂಡು ವಾಪಸ್ ಬಂದರು. ಅವರಿಗೆ ಇಡೀ ಮಲೆನಾಡೇ ಶೌಚಾಲಯ. ಹೆಂಗಸರು ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಕಿಟಕಿಯ ಹೊರಗೆ ಪ್ರಕೃತಿ ಸೌಂದರ್ಯ ನೋಡುತ್ತಿದ್ದೆವು. ಆಗ ಹಿಂದಿನ ಸೀಟಿನಿಂದ ಗುಂಡ್ಯದ ಕಡೆಯವರಂತೆ ಕಂಡ ಒಬ್ಬ ವಯಸ್ಸಾದ ಹೆಂಗಸು ಎದ್ದರು. ಕೈಯಲ್ಲಿ ಬಾಗಿದ ಹಿಡಿಯ ದೊಡ್ಡ ಕಪ್ಪು ಕೊಡೆ. "ಕೊಡೆ ಇದ್ದವರು ಯಾರ್ಯಾರು ಬರ್ತೀರಿ?" ಅಂತ ಗಟ್ಟಿಯಾಗಿ ಕೇಳಿದರು. ಒಬ್ಬಳು ಎದ್ದಳು, ಇನ್ನೊಬ್ಬಳು ಎದ್ದಳು, ನಾನು ಅಷ್ಟರಲ್ಲಾಗಲೇ ಮೆಟ್ಟಿಲ ಹತ್ತಿರ ಇದ್ದೆ. ಇಡೀ ಬಸ್ಸಿನ ಹೆಂಗಸರು ಇಳಿದೆವು. ಬಸ್ಸಿನ ಹಿಂದೆ, ಮೋರಿ ಪಕ್ಕ, ಕೊಡೆಗಳನ್ನು ತೆರೆದು ನೆಲಕ್ಕೆ ಊರಿ ಒಂದಕ್ಕೊಂದು ತಾಗಿಸಿ ಗೋಡೆ ಕಟ್ಟಿದೆವು. ಕೊಡೆ ಹಿಡಿದವರು ಪೂರ್ತಿ ಒದ್ದೆ. ಸರದಿಯಲ್ಲಿ ಒಬ್ಬೊಬ್ಬರೇ ಒಳಗೆ. ಅಷ್ಟು ಮಳೆಯಲ್ಲಿ ಯಾರು ಎಲ್ಲಿ ಒದ್ದೆಯಾಗಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತದೆ, ಅದೊಂದು ಅನುಕೂಲ. ಇಂಬಳ ಮಾತ್ರ ಯಾರನ್ನೂ ಬಿಡಲಿಲ್ಲ. ಪುತ್ತೂರು ತಲುಪಿ ಸೀರೆ ಬದಲಾಯಿಸುವಾಗ ನನ್ನ ಮೀನಖಂಡದಲ್ಲಿ ಒಂದು ಹೊಟ್ಟೆ ತುಂಬಿಸಿಕೊಂಡು ನಿದ್ದೆ ಹೋಗಿತ್ತು.

ಹಾಸನಾಂಬೆಯ ಕ್ಯೂ ಬಗ್ಗೆ ಹೇಳದಿದ್ದರೆ ಊರಿನವರು ಬೈಯುತ್ತಾರೆ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಮುಗಿದು ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ದೇವಿಯ ಮುಂದೆ ಗಂಟೆಗೊಮ್ಮೆ ಬಾಗಿಲು ಹುಡುಕುವ ಭಕ್ತೆ ನಾನು. ಅತ್ತೆಯ ಕಾಟಕ್ಕೆ ಕಲ್ಲಾದ ಸೊಸೆಯೊಬ್ಬಳು ಆ ಗುಡಿಯಲ್ಲಿ ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳೆ ಅನ್ನುವ ನಂಬಿಕೆ ಇದೆ. ಧರ್ಮದರ್ಶನದ ಸಾಲು ಅವಳಿಗಿಂತ ಸ್ವಲ್ಪ ಜೋರು, ಅಷ್ಟೇ. ಸಾಲು ಬಿಟ್ಟು ಹೋದರೆ ಜಾಗ ಹೋಯಿತು, ಬ್ಯಾರಿಕೇಡಿನ ಒಳಗೆ ಸಿಕ್ಕಿಕೊಂಡರೆ ಹೊರಗೆ ಬರುವುದೇ ಕಷ್ಟ. 300 ರೂಪಾಯಿ ಟಿಕೆಟ್ಟು ಶ್ರೀಮಂತರಿಗೆ ಅಂತ ಬೈಯುತ್ತಿದ್ದವಳು ಈಗ ಅದನ್ನು ವೈದ್ಯಕೀಯ ಖರ್ಚಿನ ಲೆಕ್ಕಕ್ಕೆ ಬರೆಯುತ್ತೇನೆ. ಪ್ಯಾಡ್ ಹಾಕಿಕೊಂಡು ಗರ್ಭಗುಡಿಯ ಮುಂದೆ ನಿಲ್ಲಬಹುದಾ ಅಂತ ಒಂದು ಕ್ಷಣ ಅನುಮಾನ ಬಂತು. ಅವಳೂ ತಾಯಿ, ಹೆರಿಗೆ ಆದಮೇಲಿನ ಕಷ್ಟ ಅವಳಿಗೆ ಗೊತ್ತಿಲ್ವಾ ಅಂತ ಕೈ ಮುಗಿದು ಬಂದೆ.

ಘಾಟಿ ದಾಟಿದ, ಕ್ಯೂ ಗೆದ್ದ ಇದೇ ಮೂತ್ರಕೋಶ ಸೋಲುವುದು ನಮ್ಮ ಮನೆ ಗೇಟಿನಲ್ಲಿ. ಇದೊಂದು ವಿಚಿತ್ರ. ಸ್ಕೂಲಿನಿಂದ ಮನೆಯವರೆಗೆ ಏನೂ ಇರುವುದಿಲ್ಲ. ಗೇಟಿನ ಚಿಲಕ ಕಿರ್ ಅಂದರೆ ಸಾಕು, ಒಳಗೆ ಗಲಾಟೆ ಶುರು. ಬೀಗದ ಕೈ ಹೊರಗೆ ತೆಗೆದರೆ ಇನ್ನೂ ಜೋರು. ಮನೆ, ಬೀಗ, ಬಚ್ಚಲು ಇವು ಮೂರನ್ನೂ ಮೆದುಳು ಒಟ್ಟಿಗೆ ಗಂಟು ಹಾಕಿ ಇಟ್ಟುಕೊಂಡಿರುತ್ತದೆ, ಬೀಗದ ಕೈ ಕಂಡ ತಕ್ಷಣ ಬಚ್ಚಲು ಬಂದೇಬಿಟ್ಟಿತು ಅಂತ ಹೊರಟುಬಿಡುತ್ತದೆ. ಅದೇ ಹೊತ್ತಿಗೆ ಎದುರುಮನೆಯವರು, "ಈಗ ಬಂದ್ರಾ ಮಿಸ್ಸು? ಒಂದ್ನಿಮಿಷ ಇರಿ, ಒಂದು ವಿಷಯ" ಅಂತಾರೆ. ಅವರ ಒಂದು ವಿಷಯಕ್ಕೆ ಪೂರ್ವಕಥೆ ಇರುತ್ತದೆ. ನನ್ನ ಗೊಂಚಲಿನಲ್ಲಿ ಮುಂಬಾಗಿಲು, ಗ್ರಿಲ್ಲು, ಬೀರು, ಸ್ಕೂಲಿನ ಲ್ಯಾಬು, ಊರಿನ ಮನೆ ಎಲ್ಲದರ ಕೈಗಳೂ ಇವೆ, ಅವಸರದಲ್ಲಿ ಮೊದಲು ಸಿಗುವುದು ಯಾವತ್ತೂ ಬೀರುವಿನದೇ.

ಓಡಬೇಡಿ, ಓಡಿದರೆ ಸೋರುತ್ತೆ ಅಂತ ಡಾಕ್ಟರಮ್ಮ ಹೇಳಿದ್ದರು. ನಿಂತಲ್ಲೇ ನಿಂತು, ನಾಲ್ಕೈದು ಸಲ ಬೇಗ ಬೇಗ ಬಿಗಿದು, ಮನಸ್ಸನ್ನು ಬೇರೆ ಕಡೆ ಹಚ್ಚಬೇಕು. ಆಗ ಆ ಅವಸರದ ಅಲೆ ಇಳಿಯುತ್ತದೆ, ಇಳಿದ ಮೇಲೆ ಆರಾಮವಾಗಿ ನಡೆದು ಹೋಗಬೇಕು. ಸ್ಕೂಲಿನಲ್ಲೂ ಹಾಗೆ ಹದಿನೈದು ಹದಿನೈದು ನಿಮಿಷ ಮುಂದೂಡುತ್ತಾ ಹೋಗುವುದನ್ನು ಕಲಿಸಿದರು. ನೂರರಿಂದ ಹಿಂದಕ್ಕೆ ಎಣಿಸಿ ಅಂದಿದ್ದರು, ನನಗೆ ಲೆಕ್ಕ ಅಂದರೆ ಇನ್ನೂ ಗಾಬರಿ. ಅದಕ್ಕೆ ವಿಭಕ್ತಿ ಪ್ರತ್ಯಯ ಹೇಳಿಕೊಳ್ಳುತ್ತೇನೆ. ಗೇಟು ಹಿಡಿದು ನಿಂತು, ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಇಗೆ ಕೆ. ಪಂಚಮೀ ದೆಸೆಯಿಂದ ಅನ್ನುವಾಗ ಬಹಳ ಕಷ್ಟದ ಜಾಗ, ಅದು ದಾಟಿದರೆ ಉಳಿದದ್ದು ಸಲೀಸು. ಸಪ್ತಮೀ ಅಲ್ಲಿ ಅನ್ನುವಷ್ಟರಲ್ಲಿ ನಾನು ಅಲ್ಲಿ ಇರುತ್ತೇನೆ. ಎದುರುಮನೆಯವರು, ಪಾಪ, ಮೇಡಂ ಗೇಟು ಮುಟ್ಟುವ ಮುಂಚೆ ಏನೋ ಮಂತ್ರ ಹೇಳಿಕೊಳ್ಳುತ್ತಾರೆ, ಬಹಳ ದೈವಭಕ್ತಿ ಅಂತ ಬೀದಿಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ವ್ಯಾಯಾಮದಿಂದ ಈಗ ಸುಮಾರು ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ. ಸಾಲದಿದ್ದರೆ ಮಾತ್ರೆ ಇದೆ, ಸಣ್ಣ ಆಪರೇಷನ್ನೂ ಇದೆ, ನೋಡೋಣ ಅಂದಿದ್ದಾರೆ ಡಾಕ್ಟರಮ್ಮ. ತೆಳ್ಳಗಿನ ಪ್ಯಾಡು ಸಾಕಾಗಿದೆ. ಅಜ್ಜಿಗೆ ಪರವಾಗಿಲ್ಲ ಅಂತ ಅಂಗಡಿ ಹುಡುಗನಿಗೂ ಹೇಳಿದ್ದೆ.

ಮೊನ್ನೆ ಒಂದು ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಕಲ್ಯಾಣ ಮಂಟಪಕ್ಕೆ ಕಾಲಿಟ್ಟ ಕೂಡಲೇ ನಾನು ಮಾಡುವ ಮೊದಲ ಕೆಲಸ ಮುಗಿಸಿ, ಸೆರಗು ಸರಿಮಾಡಿಕೊಂಡು ಬರುತ್ತಿದ್ದೇನೆ, ನಮ್ಮ ಯಜಮಾನರ ಪಕ್ಕದಲ್ಲಿ ಆ ಮೆಡಿಕಲ್ ಶಾಪಿನ ಹುಡುಗ ನಿಂತಿದ್ದಾನೆ. ಮದುಮಗನ ಸ್ನೇಹಿತನಂತೆ. ಇಸ್ತ್ರಿ ಮಾಡಿದ ಪಂಚೆ, ಶಲ್ಯ. ನನ್ನನ್ನು ಕಂಡು ಮುಖ ಅರಳಿಸಿ, ಯಜಮಾನರ ಕಡೆ ತಿರುಗಿ, "ಓ, ಮೇಡಂ ಮನೆಯವ್ರಾ ಸಾರ್ ನೀವು? ಅಜ್ಜಿನ ಕರ್ಕೊಂಡು ಬಂದಿಲ್ವಾ?" ಅಂದ.

ನಮ್ಮ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿದೆ. ನನ್ನ ತಾಯಿ ಅದಕ್ಕೂ ಮುಂಚೆಯೇ ಹೋದವರು. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಅವನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ‘ಉತ್ತರ ಪತ್ರಿಕೆ’ ಪೌಚು ನೋಡಿದರು.

"ಬಂದಿದ್ದಾರಪ್ಪ" ಅಂದರು. "ಬಂದ ತಕ್ಷಣ ಬಾತ್‌ರೂಮು ಎಲ್ಲಿದೆ ಅಂತ ಹುಡುಕಿಕೊಂಡು ಹೋಗಿದ್ರು. ಈಗಷ್ಟೇ ವಾಪಸ್ ಬಂದ್ರು."

"ಹೌದಾ! ಎಲ್ಲಿ ಸಾರ್? ನಾನು ಅವರನ್ನ ಒಂದ್ಸಲನೂ ನೋಡೇ ಇಲ್ಲ."

"ತುಂಬಾ ನಾಚಿಕೆ ಸ್ವಭಾವ" ಅಂದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ, "ನಗಬೇಡ ಕಣೇ, ಅಜ್ಜಿಗೆ ಕಷ್ಟ ಆಗುತ್ತೆ."

ಪಕ್ಕದಲ್ಲಿದ್ದ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ...